ವಿಡಿಯೊ ಓಡದಿದ್ದರೆ ಮೊದಲು ಎಲ್ಲಿ ನೋಡಬೇಕು? ವಿಎಲ್‌ಸಿ ಒಳಗೊಂದು ಸುತ್ತು

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕಂಪ್ಯೂಟರ್ ಜೋಡಿಸಿಕೊಡುವ ಹುಡುಗರು ವಿಂಡೋಸ್ ಹಾಕಿದ ಕೈಯಲ್ಲೇ, ನಾವು ಕೇಳದಿದ್ದರೂ, ಒಂದಿಷ್ಟು ಪ್ರೋಗ್ರಾಂ ತುಂಬಿ ಕೊಡುತ್ತಾರೆ. ಅದರಲ್ಲಿ ಕಿತ್ತಳೆ ಬಣ್ಣದ ಟ್ರಾಫಿಕ್ ಕೋನ್ ಚಿತ್ರದ ವಿಎಲ್‌ಸಿ ಎಂಬ ವಿಡಿಯೊ ಪ್ಲೇಯರ್ ಇದ್ದೇ ಇರುತ್ತದೆ. ಹೀಗೆ ತಾನಾಗಿ ಬಂದು ಕೂತಿದ್ದರಿಂದಲೋ ಏನೋ, ಬಹಳ ಜನರಿಗೆ ಅದರ ಬಗ್ಗೆ ಗೊತ್ತಿರುವುದು ಡಬಲ್ ಕ್ಲಿಕ್ ಮಾಡುವುದಷ್ಟೇ. ಚಿತ್ರ ಬಂದು ಧ್ವನಿ ಬಾರದಿದ್ದರೆ, ತುಟಿಗೂ ಮಾತಿಗೂ ತಾಳ ತಪ್ಪಿದರೆ, ಸಬ್‌ಟೈಟಲ್ ಜಾಗದಲ್ಲಿ ಚೌಕಗಳ ಸಾಲು ಕಂಡರೆ ಇನ್ನೊಂದು ಪ್ಲೇಯರ್ ಹುಡುಕುತ್ತೇವೆ. ಇಲ್ಲವೇ ವಿಡಿಯೊ ಬಿಡಿಸಿ ಓದುವ ಸಾಮಗ್ರಿಯ ಕಂತೆ, ‘ಕೋಡೆಕ್ ಪ್ಯಾಕ್’ ಅಂತ ಸಿಕ್ಕಿದ್ದನ್ನು ಇಳಿಸಿಕೊಂಡು ವೈರಸ್ಸನ್ನೂ ಮನೆಗೆ ಕರೆದುಕೊಂಡು ಬರುತ್ತೇವೆ.

ಇಂಥ ತಕರಾರುಗಳ ಮೂಲ ಹೆಚ್ಚಾಗಿ ಫೈಲಿನೊಳಗೇ ಇರುತ್ತದೆ. ಅದರಲ್ಲಿ ಏನು ತುಂಬಿದೆ ಎಂದು ನೋಡಲು ಕಲಿತರೆ ಯಾವ ಗುಂಡಿ ಒತ್ತಬೇಕೆಂಬುದು ಹೊಳೆಯುತ್ತದೆ. ಆ ನೋಡುವ ಕ್ರಮವನ್ನು ಹೇಳುವುದೇ ಈ ಬರಹದ ಉದ್ದೇಶ. ಇಲ್ಲಿ ಹೇಳಿರುವ ಮೆನುಗಳೂ ಕೀಲಿಗಳೂ ವಿಂಡೋಸ್ ಮತ್ತು ಲಿನಕ್ಸ್‌ನ ವಿಎಲ್‌ಸಿ 3ನೇ ಆವೃತ್ತಿಯವು. ಮ್ಯಾಕ್‌ನಲ್ಲಿ ಹೆಸರುಗಳು ಹೆಚ್ಚುಕಡಿಮೆ ಅವೇ, ಕೀಲಿಗಳು ಬೇರೆ.

ಮೊದಲು ಇಳಿಸಿಕೊಳ್ಳುವ ಮಾತು. ವಿಎಲ್‌ಸಿ ಪೂರ್ತಿ ಉಚಿತ, ಜಾಹೀರಾತಿಲ್ಲ, ಲಾಗಿನ್ ಇಲ್ಲ. ತಯಾರಕರ ಜಾಲತಾಣ ವಿಡಿಯೋಲ್ಯಾನ್ ಡಾಟ್ ಆರ್ಗ್, ಅಲ್ಲಿಂದಲೇ ಇಳಿಸಿಕೊಳ್ಳಿ. ಹುಡುಕಾಟದಲ್ಲಿ ಮೇಲೆ ಬರುವ ‘ಫ್ರೀ ಡೌನ್‌ಲೋಡ್’ ಜಾಹೀರಾತುಗಳಿಗೆ ಕೈ ಹಾಕಬೇಡಿ. 2022ರ ಫೆಬ್ರವರಿಯಿಂದ ನವೆಂಬರ್‌ವರೆಗೆ ಈ ತಾಣವೇ ಭಾರತದಲ್ಲಿ ನಿರ್ಬಂಧಿತವಾಗಿತ್ತು. ವಿಡಿಯೋಲ್ಯಾನ್ ಸಂಸ್ಥೆ ಇಂಟರ್ನೆಟ್ ಫ್ರೀಡಂ ಫೌಂಡೇಶನ್ ನೆರವಿನಿಂದ ಸರ್ಕಾರಕ್ಕೆ ಕಾನೂನು ನೋಟಿಸ್ ಕೊಟ್ಟ ಮೇಲೆ ಅದು ತೆರವಾಯಿತು. ಆ ಅವಧಿಯಲ್ಲಿ ಪರ್ಯಾಯ ತಾಣಗಳಿಂದ ಇಳಿಸಿಕೊಂಡ ಪ್ರತಿ ಈಗಲೂ ನಿಮ್ಮಲ್ಲಿದ್ದರೆ ತೆಗೆದುಹಾಕಿ ಹೊಸದನ್ನು ಹಾಕಿಕೊಳ್ಳುವುದು ಕ್ಷೇಮ. ಈಚಿನ ವಿಂಡೋಸ್ ಯಂತ್ರಕ್ಕೆ 64 ಬಿಟ್ ಪ್ರತಿ ಸಾಕು. ಉಬುಂಟು ಎಂಬ ಲಿನಕ್ಸ್ ಇದ್ದವರಿಗೆ ಅದರ ಆ್ಯಪ್ ಸೆಂಟರಿನಲ್ಲೇ ಸಿಗುತ್ತದೆ. ಇನ್‌ಸ್ಟಾಲ್ ಆಗುವಾಗ ಕೇಳುವ ಪ್ರಶ್ನೆಗಳಿಗೆಲ್ಲ ನೆಕ್ಸ್ಟ್ ಒತ್ತಿದರೆ ನಡೆಯುತ್ತದೆ. ಮೊದಲ ಸಲ ತೆರೆದಾಗ ಮಾತ್ರ, ಹಾಡಿನ ವಿವರ ಮತ್ತು ಆಲ್ಬಂ ಮುಖಚಿತ್ರವನ್ನು ಇಂಟರ್ನೆಟ್ಟಿನಿಂದ ತರಲೇ ಎಂದು ಕೇಳುತ್ತದೆ. ಅದು ಬೇಡವೆಂದರೂ ಯಾವ ನಷ್ಟವೂ ಇಲ್ಲ.

ಇದು ಹುಟ್ಟಿದ್ದು 1996ರಲ್ಲಿ, ಪ್ಯಾರಿಸ್ಸಿನ ಎಕೋಲ್ ಸೆಂಟ್ರಾಲ್ ಎಂಬ ಎಂಜಿನಿಯರಿಂಗ್ ಕಾಲೇಜಿನಲ್ಲಿ. ಉಪಗ್ರಹದಿಂದ ಬರುವ ಟಿವಿಯನ್ನು ಕ್ಯಾಂಪಸ್ಸಿನ ನೆಟ್‌ವರ್ಕ್ ಮೂಲಕ ಕೋಣೆ ಕೋಣೆಗೆ ಕಳಿಸುವುದು ಅಲ್ಲಿನ ವಿದ್ಯಾರ್ಥಿಗಳು ಕೈಗೆತ್ತಿಕೊಂಡ ಯೋಜನೆ. ಕಳಿಸುವ ತುದಿಗೆ ಸರ್ವರ್, ನೋಡುವ ತುದಿಗೆ ವಿಡಿಯೋಲ್ಯಾನ್ ಕ್ಲೈಂಟ್. ಈ ಎರಡನೆಯದೇ ವಿಎಲ್‌ಸಿ. ಆ ಕಾಲೇಜಿನ ನೆಟ್‌ವರ್ಕ್ ಸಂಘದ ಹುಡುಗರು ರಸ್ತೆಯ ಕೋನ್‌ಗಳನ್ನು ಎತ್ತಿ ತಂದು ಗುಡ್ಡೆ ಹಾಕುತ್ತಿದ್ದರಂತೆ, ಲಾಂಛನ ಅಲ್ಲಿಂದ ಬಂತು. 2001ರ ಫೆಬ್ರವರಿ 1ರಂದು ಅದರ ಮೂಲ ಸಂಕೇತವನ್ನು (ಸೋರ್ಸ್ ಕೋಡ್) ಮುಕ್ತ ಪರವಾನಗಿಯಡಿ ಬಿಡುಗಡೆ ಮಾಡಿದರು. ನೆಟ್‌ವರ್ಕಿಗೆಂದೇ ಹುಟ್ಟಿದ್ದರ ಗುಣ ಇವತ್ತಿಗೂ ಅದರಲ್ಲಿದೆ. ನೆಟ್‌ವರ್ಕಿನಲ್ಲಿ ದತ್ತಾಂಶದ ತುಂಡುಗಳು ದಾರಿಯಲ್ಲಿ ಕಳೆದುಹೋಗುತ್ತಲೇ ಇರುತ್ತವೆ. ಸಿಕ್ಕಷ್ಟರಲ್ಲಿ ಮುಂದೆ ಸಾಗುವುದು ಆಗ ಅನಿವಾರ್ಯ. ಹಾಗಾಗಿ ಅರ್ಧ ಇಳಿದ ಫೈಲನ್ನೂ, ಗೀಚಿದ ಸಿಡಿಯನ್ನೂ ವಿಎಲ್‌ಸಿ ಹೇಗೋ ತಳ್ಳಿಕೊಂಡು ಓಡಿಸುತ್ತದೆ. ಬಿಡಿಸಿ ಓದುವ ಸಾಮಗ್ರಿಯನ್ನೂ ತನ್ನೊಂದಿಗೇ ಹೊತ್ತು ತರುತ್ತದೆ. ಅಂದಮೇಲೆ ಅದಕ್ಕೆ ಕೋಡೆಕ್ ಪ್ಯಾಕ್ ಹಾಕುವ ಮಾತೇ ಇಲ್ಲ.

ಕ್ಯಾರಿಯರ್ ಬೇರೆ, ಒಳಗಿನ ಅಡುಗೆ ಬೇರೆ

‘ಎಂಪಿ4 ಫೈಲ್, ಆದರೂ ಟಿವಿಯಲ್ಲಿ ಓಡ್ತಿಲ್ಲ’ ಎಂಬ ದೂರು ಎಲ್ಲರೂ ಕೇಳಿರುವಂಥದ್ದು. ಎಂಪಿ4, ಎಂಕೆವಿ, ಎವಿಐ, ಎಂಒವಿ ಇವೆಲ್ಲ ಊಟದ ಕ್ಯಾರಿಯರ್ ಇದ್ದಂತೆ. ಒಂದು ಬಟ್ಟಲಲ್ಲಿ ಚಿತ್ರ, ಇನ್ನೊಂದರಲ್ಲಿ ಧ್ವನಿ, ಮತ್ತೊಂದರಲ್ಲಿ ಸಬ್‌ಟೈಟಲ್. ಹೊರಗಿನ ಹೆಸರು ನೋಡಿದರೆ ಒಳಗಿನ ಅಡುಗೆ ಯಾವುದೆಂದು ಗೊತ್ತಾಗುವುದಿಲ್ಲ. ಚಿತ್ರವನ್ನು ಕುಗ್ಗಿಸಿಟ್ಟ ವಿಧಾನಕ್ಕೆ ಕೋಡೆಕ್ ಎನ್ನುತ್ತಾರೆ. 2003ರಲ್ಲಿ ಬಂದ ಎಚ್.264 ಇಂದಿಗೂ ಬಹುತೇಕ ಎಲ್ಲ ಕಡೆ ಓಡುವಂಥದ್ದು. 2013ರ ಎಚ್.265, ಅಂದರೆ ಎಚ್‌ಇವಿಸಿ, ಅದೇ ಗುಣಮಟ್ಟವನ್ನು ಕಡಿಮೆ ಜಾಗದಲ್ಲಿ ಹಿಡಿಸುತ್ತದೆ, ಆದರೆ ಬಿಡಿಸಲು ಹೆಚ್ಚು ಲೆಕ್ಕ ಬೇಡುತ್ತದೆ. 2018ರಲ್ಲಿ ಬಂದ ಎವಿ1 ಇನ್ನೂ ಹೊಸದು. ಹಳೆಯ ಟಿವಿಗೆ ಎಚ್.264 ಮಾತ್ರ ಗೊತ್ತಿದ್ದು, ಫೋನಿನಿಂದ ಬಂದ ಎಂಪಿ4 ಒಳಗೆ ಎಚ್‌ಇವಿಸಿ ಇದ್ದರೆ ಟಿವಿ ಕೈಯೆತ್ತುತ್ತದೆ.

ಒಳಗೇನಿದೆ ಎಂದು ನೋಡಲು ವಿಡಿಯೊ ಓಡುತ್ತಿರುವಾಗ ಕಂಟ್ರೋಲ್ ಹಿಡಿದು ಜೆ ಒತ್ತಿ. ಕೋಡೆಕ್ ಮಾಹಿತಿಯ ಕಿಟಕಿ ತೆರೆದುಕೊಳ್ಳುತ್ತದೆ. ‘ಸ್ಟ್ರೀಮ್ 0’ ಎಂಬುದರ ಕೆಳಗೆ ವಿಡಿಯೊ, ಅದರ ಕೋಡೆಕ್, 1920×1080 ಎಂಬಂಥ ಅಳತೆ, ಸೆಕೆಂಡಿಗೆ 25 ಅಥವಾ 30 ಎಂದು ಫ್ರೇಮ್‌ಗಳ ಲೆಕ್ಕ ಇರುತ್ತವೆ. ‘ಸ್ಟ್ರೀಮ್ 1’ರಲ್ಲಿ ಧ್ವನಿ: ಎಎಸಿ ಎಂದೋ ಎಸಿ-3 ಎಂದೋ, ಸ್ಟೀರಿಯೊ ಎಂದೋ, ಆರು ಹಾದಿಯ 5.1 ಧ್ವನಿಯಾದರೆ 3F2R/LFE ಎಂಬಂತೆಯೋ. ಇನ್ನೂ ಸ್ಟ್ರೀಮ್‌ಗಳಿದ್ದರೆ ಅವು ಬೇರೆ ಭಾಷೆಯ ಧ್ವನಿ ಅಥವಾ ಸಬ್‌ಟೈಟಲ್. ಕನ್ನಡಕ್ಕೆ ಡಬ್ ಆಗಿರುವ ಸಿನಿಮಾ ತೆಲುಗಿನಲ್ಲಿ ಓಡುತ್ತಿದೆ ಎಂದು ಕೈಚೆಲ್ಲುವ ಮೊದಲು ಇಲ್ಲಿ ಎಷ್ಟು ಧ್ವನಿ ಸ್ಟ್ರೀಮ್ ಇವೆ ನೋಡಿ. ಬಿ ಕೀಲಿ ಒತ್ತಿದಂತೆಲ್ಲ ಧ್ವನಿ, ವಿ ಒತ್ತಿದಂತೆಲ್ಲ ಸಬ್‌ಟೈಟಲ್ ಒಂದೊಂದಾಗಿ ಬದಲಾಗುತ್ತದೆ. ವಿಎಲ್‌ಸಿಯಲ್ಲಿ ಕಲಿಯಲೇಬೇಕಾದ ಕಿಟಕಿ ಒಂದೇ ಒಂದು ಅಂದರೆ ನನ್ನ ಮತ ಇದಕ್ಕೆ.

ಎಚ್‌ಇವಿಸಿಯಲ್ಲಿರುವ 4ಕೆ ವಿಡಿಯೊ ಹಳೆಯ ಲ್ಯಾಪ್‌ಟಾಪಿನಲ್ಲಿ ತಡವರಿಸುವುದಕ್ಕೂ ಕಾರಣ ಇದೇ ಕಿಟಕಿಯಲ್ಲಿ ಸಿಗುತ್ತದೆ. ಬಿಡಿಸುವ ಲೆಕ್ಕವನ್ನು ಗ್ರಾಫಿಕ್ಸ್ ಚಿಪ್ ಮಾಡಿದರೆ ಸಲೀಸು. ಆ ಚಿಪ್ಪಿಗೆ ಕೋಡೆಕ್ ಗೊತ್ತಿಲ್ಲದಿದ್ದರೆ ಇಡೀ ಭಾರ ಪ್ರೊಸೆಸರ್ ಮೇಲೆ ಬಿದ್ದು ಫ್ಯಾನ್ ಕಿರುಚತೊಡಗುತ್ತದೆ. 2018ರಲ್ಲಿ ಬಂದ 3.0 ಆವೃತ್ತಿಯಿಂದ ಗ್ರಾಫಿಕ್ಸ್ ಚಿಪ್ಪಿನ ನೆರವನ್ನು ವಿಎಲ್‌ಸಿ ತಾನಾಗಿಯೇ ಪಡೆಯುತ್ತದೆ. ಕೆಲವು ಹಳೆಯ ಚಿಪ್‌ಗಳಲ್ಲಿ ಇದೇ ಉಪದ್ರವವಾಗಿ ಪರದೆ ಹಸಿರಾಗುವುದು, ಚಿತ್ರ ಚೂರುಚೂರಾಗುವುದು ಉಂಟು. ಆಗ ಟೂಲ್ಸ್ ಮೆನುವಿನ ಪ್ರಿಫರೆನ್ಸಸ್‌ಗೆ ಹೋಗಿ, ಇನ್‌ಪುಟ್ ಮತ್ತು ಕೋಡೆಕ್ಸ್ ಪುಟದಲ್ಲಿ ಹಾರ್ಡ್‌ವೇರ್ ಆಕ್ಸಿಲರೇಟೆಡ್ ಡಿಕೋಡಿಂಗ್ ಎಂಬುದನ್ನು ಡಿಸೇಬಲ್ ಮಾಡಿ, ಪ್ಲೇಯರ್ ಮುಚ್ಚಿ ಮತ್ತೆ ತೆರೆಯಿರಿ.

ಮದುವೆ ಡಿವಿಡಿ

ನಮ್ಮ ಮನೆಗಳ ಬೀರುಗಳಲ್ಲಿ ಇನ್ನೂ ಉಳಿದಿರುವುದು ಸ್ಟುಡಿಯೊದವರು ಕೊಟ್ಟ ಮದುವೆ, ಮುಂಜಿ, ಗೃಹಪ್ರವೇಶದ ಡಿವಿಡಿಗಳು. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಹಾಕುವ ಜಾಗವೇ ಇಲ್ಲ. ಯುಎಸ್‌ಬಿ ಡಿವಿಡಿ ಡ್ರೈವ್ ಕೊಂಡು ಒಮ್ಮೆ ಎಲ್ಲವನ್ನೂ ಹಾರ್ಡ್ ಡಿಸ್ಕಿಗೆ ಇಳಿಸಿಕೊಳ್ಳುವುದು ಜಾಣತನ. ಇಳಿಸುವಾಗ ‘ವಿಡಿಯೊ ಟಿಎಸ್’ ಎಂಬ ಫೋಲ್ಡರನ್ನು ಇಡಿಯಾಗಿ ನಕಲು ಮಾಡಿ. ಅದರೊಳಗೆ ವಿಒಬಿ ಎಂಬ ದೊಡ್ಡ ಫೈಲುಗಳಿರುತ್ತವೆ, ಒಂದೊಂದೂ 1 ಜಿಬಿ ಮೀರದಂತೆ ಕತ್ತರಿಸಿದವು. ಕತ್ತರಿಸುವಾಗ ಮಾಂಗಲ್ಯಧಾರಣೆ ಎಲ್ಲಿ ಬಂತೆಂದು ಯಾರೂ ನೋಡುವುದಿಲ್ಲ. ಒಂದು ಫೈಲನ್ನಷ್ಟೇ ಡಬಲ್ ಕ್ಲಿಕ್ ಮಾಡಿದರೆ ವಾದ್ಯ ಏರುವ ಹೊತ್ತಿಗೆ ಸರಿಯಾಗಿ ವಿಡಿಯೊ ಮುಗಿಯುತ್ತದೆ, ಅವಧಿಯನ್ನೂ ತಪ್ಪು ತೋರಿಸುತ್ತದೆ. ಅದರ ಬದಲು ಮೀಡಿಯಾ ಮೆನುವಿನಲ್ಲಿ ಓಪನ್ ಡಿಸ್ಕ್ ಆರಿಸಿ, ಬ್ರೌಸ್ ಒತ್ತಿ, ಆ ಫೋಲ್ಡರನ್ನೇ ತೋರಿಸಿ. ಹೂವಿನ ಅಂಚಿನ ಮೆನು, ಅಧ್ಯಾಯಗಳು ಎಲ್ಲ ಡಿಸ್ಕಿನಲ್ಲಿದ್ದ ಹಾಗೆಯೇ ಬರುತ್ತವೆ.

ಇಂಥ ಡಿವಿಡಿಗಳಲ್ಲಿ ಇನ್ನೊಂದು ತೊಂದರೆ ಕಣ್ಣಿಗೆ ಹೊಡೆಯುತ್ತದೆ. ಧಾರೆ ಎರೆಯುವಾಗ ಕೈ ಅಲ್ಲಾಡಿದರೆ, ಅಕ್ಷತೆ ಹಾರಿದರೆ, ಅಂಚುಗಳೆಲ್ಲ ಅಡ್ಡಗೆರೆಗಳಾಗಿ ಸೀಳುತ್ತವೆ. ಎಲ್ಲರೂ ಸುಮ್ಮನೆ ಕೂತಾಗ ಚಿತ್ರ ಸ್ವಚ್ಛ. ಡಿಸ್ಕ್ ಹಾಳಾಗಿದೆ ಎಂದು ತಿಳಿಯುವವರೇ ಹೆಚ್ಚು, ಆದರೆ ಡಿಸ್ಕ್ ಚೆನ್ನಾಗಿಯೇ ಇರುತ್ತದೆ. ನಮ್ಮಲ್ಲಿದ್ದ ಪಾಲ್ ಪದ್ಧತಿಯ ಟಿವಿಗೆಂದು ತೆಗೆದ ಚಿತ್ರ 720×576 ಚುಕ್ಕೆಗಳದ್ದು, ಸೆಕೆಂಡಿಗೆ 25 ಫ್ರೇಮ್. ಪ್ರತಿ ಫ್ರೇಮನ್ನೂ ಎರಡು ಅರ್ಧಗಳಾಗಿ ಸೆರೆಹಿಡಿಯುತ್ತಿದ್ದರು: ಮೊದಲು ಒಂದು ಬಿಟ್ಟು ಒಂದು ಸಾಲು, ಸೆಕೆಂಡಿನ 50ನೇ ಒಂದು ಭಾಗದ ನಂತರ ಉಳಿದ ಸಾಲುಗಳು. ಹಳೆಯ ಗಾಜಿನ ಪರದೆಯ ಟಿವಿ ಅವನ್ನು ಒಂದರ ನಂತರ ಒಂದು ಬೆಳಗಿಸುತ್ತಿತ್ತು, ಕಣ್ಣಿಗೆ ಹೊಂದುತ್ತಿತ್ತು. ಇಂದಿನ ಪರದೆ ಎರಡನ್ನೂ ಒಟ್ಟಿಗೇ ತೋರಿಸುತ್ತದೆ. ಆ ನಡುವೆ ಕೈ ಒಂದಿಷ್ಟು ಸರಿದಿರುವುದರಿಂದ ಸಾಲುಗಳು ಒಂದಕ್ಕೊಂದು ಕೂಡುವುದಿಲ್ಲ. ವಿಡಿಯೊ ಮೆನುವಿನಲ್ಲಿ ಡೀಇಂಟರ್‌ಲೇಸ್ ಆನ್ ಮಾಡಿ, ವಿಧಾನದಲ್ಲಿ ಯಾಡಿಫ್ ಆರಿಸಿ. ಬರಿಯ ಡಿ ಕೀಲಿ ಒತ್ತಿದರೂ ಇದು ಆನ್-ಆಫ್ ಆಗುತ್ತದೆ. ಮುಖಗಳು ಅಗಲವಾಗಿಯೋ ಉದ್ದವಾಗಿಯೋ ಕಂಡರೆ ಎ ಒತ್ತುತ್ತಾ ಹೋಗಿ, 4:3 ಅಥವಾ 16:9 ಯಾವುದೋ ಒಂದು ಸರಿಹೊಂದುತ್ತದೆ.

ಡಿವಿಡಿಗಿಂತ ಹಿಂದಿನ ವಿಸಿಡಿಗಳೂ ಕೆಲವರಲ್ಲಿ ಇರಬಹುದು. ಅವುಗಳಲ್ಲಿ ‘ಎಂಪೆಗ್ ಎವಿ’ ಎಂಬ ಫೋಲ್ಡರಿನಲ್ಲಿ ಡಿಎಟಿ ಫೈಲುಗಳಿರುತ್ತವೆ. ಅವನ್ನು ವಿಎಲ್‌ಸಿಗೆ ಎಳೆದು ಹಾಕಿದರೆ ಸಾಕು. 352×288 ಅಳತೆಯ ಚಿತ್ರ, ದೊಡ್ಡ ಪರದೆಯಲ್ಲಿ ಮಸುಕಾಗಿಯೇ ಇರುತ್ತದೆ. ಯಾವ ಸೆಟ್ಟಿಂಗೂ ಅದನ್ನು ಎಚ್‌ಡಿ ಮಾಡುವುದಿಲ್ಲ.

ತಾಳ ತಪ್ಪುವುದರಲ್ಲಿ ಎರಡು ಬಗೆ

ಮಾತು ಮತ್ತು ತುಟಿ ಹೊಂದದಿದ್ದಾಗ ಕೇಳಿಕೊಳ್ಳಬೇಕಾದ ಪ್ರಶ್ನೆ: ವ್ಯತ್ಯಾಸ ಮೊದಲಿಂದ ಕೊನೆವರೆಗೂ ಅಷ್ಟೇ ಇದೆಯೋ, ಹೋಗ್ತಾ ಹೋಗ್ತಾ ಹೆಚ್ಚುತ್ತಿದೆಯೋ? ಅಷ್ಟೇ ಇದ್ದರೆ ಸುಲಭ. ಮಾತು ಮೊದಲು ಬಂದು ತುಟಿ ಆಮೇಲೆ ಅಲ್ಲಾಡಿದರೆ ಕೆ, ಮಾತು ತಡವಾದರೆ ಜೆ. ಒಂದೊಂದು ಒತ್ತಿಗೂ 50 ಮಿಲಿಸೆಕೆಂಡ್ ಸರಿಯುತ್ತದೆ. ಬ್ಲೂಟೂತ್ ಹೆಡ್‌ಫೋನಿನಲ್ಲಿ ಧ್ವನಿ ಸ್ವಲ್ಪ ತಡವಾಗಿಯೇ ಬರುವುದು ಸಾಮಾನ್ಯ, ಅಲ್ಲಿ ಜೆ ಕೀಲಿಯೇ ಮದ್ದು. ಸಬ್‌ಟೈಟಲ್‌ಗೂ ಇದೇ ಕ್ರಮ: ಬೇಗ ಬಂದರೆ ಎಚ್ ಒತ್ತಿ ತಡಮಾಡಿ, ತಡವಾಗಿ ಬಂದರೆ ಜಿ ಒತ್ತಿ ಮುಂದೆ ತನ್ನಿ.

ವ್ಯತ್ಯಾಸ ಬೆಳೆಯುತ್ತಾ ಹೋಗುತ್ತಿದ್ದರೆ ಎಷ್ಟು ಒತ್ತಿದರೂ ಪ್ರಯೋಜನವಿಲ್ಲ, ಏಕೆಂದರೆ ಅಲ್ಲಿ ವೇಗವೇ ಬೇರೆ. ಸಿನಿಮಾಗಳನ್ನು ಸೆಕೆಂಡಿಗೆ 24 ಫ್ರೇಮ್‌ನಂತೆ ತೆಗೆಯುತ್ತಾರೆ. ಪಾಲ್ ಡಿವಿಡಿಗೆ ಹಾಕುವಾಗ ಅದನ್ನೇ 25ರ ವೇಗದಲ್ಲಿ ಓಡಿಸುತ್ತಿದ್ದರು. 2 ಗಂಟೆಯ ಸಿನಿಮಾ ಹೀಗೆ ಸುಮಾರು 1 ಗಂಟೆ 55 ನಿಮಿಷಕ್ಕೆ ಮುಗಿಯುತ್ತದೆ. ಒಂದು ಪ್ರತಿಗೆಂದು ಬರೆದ ಸಬ್‌ಟೈಟಲನ್ನು ಇನ್ನೊಂದಕ್ಕೆ ಹಾಕಿದರೆ ಆರಂಭದಲ್ಲಿ ಸರಿಯಿದ್ದು ಕ್ಲೈಮ್ಯಾಕ್ಸಿಗೆ ಬರುವಷ್ಟರಲ್ಲಿ ನಾಲ್ಕೈದು ನಿಮಿಷ ಆಚೀಚೆ ಆಗಿರುತ್ತದೆ. ಟೂಲ್ಸ್ ಮೆನುವಿನಲ್ಲಿ ಟ್ರ್ಯಾಕ್ ಸಿಂಕ್ರೊನೈಸೇಶನ್ ಎಂಬ ಪುಟವಿದೆ, ಅಲ್ಲಿ ಸಬ್‌ಟೈಟಲ್ ವೇಗ ಬದಲಿಸಿ ಕೂಡಿಸಬಹುದು. ನಿಜ ಹೇಳಬೇಕೆಂದರೆ, ನಿಮ್ಮ ಪ್ರತಿಗೆ ಹೊಂದುವ ಬೇರೆ ಸಬ್‌ಟೈಟಲ್ ಹುಡುಕುವುದೇ ಕಡಿಮೆ ತಲೆನೋವು.

ಕನ್ನಡ ಸಬ್‌ಟೈಟಲ್ ಕಾಣದಿದ್ದರೆ

ಎಸ್‌ಆರ್‌ಟಿ ಸಬ್‌ಟೈಟಲ್ ಬರಿಯ ಪಠ್ಯದ ಫೈಲು, ನೋಟ್‌ಪ್ಯಾಡಿನಲ್ಲೇ ಬರೆಯಬಹುದು. ಒಂದು ಕ್ರಮಸಂಖ್ಯೆ, ಅದರ ಕೆಳಗೆ 00:00:12,500 --> 00:00:15,000 ಎಂಬಂತೆ ಮೂಡುವ ಮತ್ತು ಮರೆಯಾಗುವ ಹೊತ್ತು, ಅದರ ಕೆಳಗೆ ಮಾತು, ಆಮೇಲೊಂದು ಖಾಲಿ ಸಾಲು. ವಿಡಿಯೊ ಫೈಲಿಗೂ ಇದಕ್ಕೂ ಒಂದೇ ಹೆಸರಿಟ್ಟು ಒಂದೇ ಫೋಲ್ಡರಿನಲ್ಲಿ ಹಾಕಿದರೆ ವಿಎಲ್‌ಸಿ ತಾನೇ ಎತ್ತಿಕೊಳ್ಳುತ್ತದೆ. ಕಿವಿ ಮಂದವಾದ ಅಜ್ಜಿಗೆಂದು ಮನೆಯ ವಿಡಿಯೊಗೆ ನಾಲ್ಕು ಸಾಲು ಕನ್ನಡ ಬರೆದು ಹಾಕಲು ಇಷ್ಟು ಸಾಕು.

ಕನ್ನಡ ಕಾಣಬೇಕಾದ ಕಡೆ ಏನು ಕಾಣುತ್ತಿದೆ ಎಂಬುದನ್ನು ಗಮನವಿಟ್ಟು ನೋಡಿದರೆ ರೋಗ ಯಾವುದೆಂದು ತಿಳಿಯುತ್ತದೆ. ಖಾಲಿ ಚೌಕಗಳು ಕಂಡರೆ ಫಾಂಟಿನಲ್ಲಿ ಕನ್ನಡವಿಲ್ಲ. ಪ್ರಿಫರೆನ್ಸಸ್‌ನ ಸಬ್‌ಟೈಟಲ್ಸ್ ಪುಟದಲ್ಲಿ ನಿರ್ಮಲಾ ಯುಐ, ತುಂಗಾ ಅಥವಾ ನೋಟೊ ಸಾನ್ಸ್ ಕನ್ನಡ, ಇವುಗಳಲ್ಲಿ ನಿಮ್ಮ ಯಂತ್ರದಲ್ಲಿರುವುದನ್ನು ಆರಿಸಿ. ತಲೆಯ ಮೇಲೆ ಓರೆಗೆರೆ ಹೊತ್ತ ರೋಮನ್ ಎ, ಅದರ ಪಕ್ಕಕ್ಕೆ ಮೇಲೇರಿ ಕೂತ ಪುಟ್ಟ 2 ಅಥವಾ 3, ಮತ್ತೆ ಅದೇ, ಮತ್ತೆ ಅದೇ, ಹೀಗಿದ್ದರೆ ಫೈಲು ಚೆನ್ನಾಗಿದೆ, ಪ್ಲೇಯರ್ ಓದುತ್ತಿರುವ ರೀತಿ ತಪ್ಪು. ಅಕ್ಷರಗಳನ್ನು ಸಂಖ್ಯೆಗಳಾಗಿ ಉಳಿಸಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತವೂ ಮೂರು ಬೈಟ್ ಹಿಡಿಯುತ್ತದೆ. ಅದನ್ನು ಹಳೆಯ ರೋಮನ್ ಪದ್ಧತಿಯಲ್ಲಿ ಓದಿದರೆ ಮೊದಲೆರಡು ಬೈಟ್ ಪ್ರತಿಸಲವೂ ಇದೇ ಜೋಡಿಯಾಗಿ ಕಾಣುತ್ತವೆ. ಅದೇ ಪುಟದಲ್ಲಿ ಡೀಫಾಲ್ಟ್ ಎನ್‌ಕೋಡಿಂಗ್ ಯುಟಿಎಫ್-8 ಮಾಡಿ ಫೈಲನ್ನು ಮತ್ತೆ ತೆರೆಯಿರಿ.

ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆಗಳಿದ್ದರೆ ಮಾತ್ರ ಕಥೆ ಮುಗಿದಿದೆ. ಹಳೆಯ ವಿಂಡೋಸಿನ ನೋಟ್‌ಪ್ಯಾಡಿನಲ್ಲಿ ಆನ್ಸಿ ಎಂಬ ಹಳೆಯ ಪದ್ಧತಿಯಲ್ಲಿ ಉಳಿಸಿದಾಗ ಕನ್ನಡ ಅಕ್ಷರಗಳು ಫೈಲಿನಿಂದಲೇ ಅಳಿಸಿಹೋಗಿರುತ್ತವೆ, ಯಾವ ಪ್ಲೇಯರೂ ಅವನ್ನು ವಾಪಸ್ ತರಲಾರದು. ಇನ್ನು ಅರ್ಥವಿಲ್ಲದ ರೋಮನ್ ಅಕ್ಷರಗಳ ಗೋಜಲು ಕಂಡರೆ ಅದು ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪಾದದ್ದು. ಆ ಫಾಂಟುಗಳು ರೋಮನ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಫೈಲಿನೊಳಗಿರುವುದು ರೋಮನ್ ಸಂಕೇತವೇ. ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿ ತಂದ ಪಠ್ಯದಲ್ಲಿ ಇದು ಬಹಳ. ಪರಿವರ್ತಕದ ಮೂಲಕ ಯೂನಿಕೋಡಿಗೆ ಬದಲಿಸಿಕೊಂಡು ಆಮೇಲೆ ಎಸ್‌ಆರ್‌ಟಿ ಮಾಡಿ. ಅಕ್ಷರಗಳೆಲ್ಲ ಸರಿಯಾಗಿದ್ದು ಒತ್ತು ಮಾತ್ರ ಕೆಳಗೆ ಕೂರದೆ ಪಕ್ಕದಲ್ಲಿ ನಿಂತಿದ್ದರೆ ನಿಮ್ಮಲ್ಲಿರುವ ವಿಎಲ್‌ಸಿ ತೀರಾ ಹಳೆಯದು. 3.0 ಅಥವಾ ಅದರ ನಂತರದ್ದನ್ನು ಹಾಕಿಕೊಳ್ಳಿ.

ಕಿವಿಗೆ ಸಂಬಂಧಿಸಿದ್ದು

ಮಾತು ಕೇಳದೆ ಜೋರು ಮಾಡಿದರೆ ಮರುಕ್ಷಣ ಫೈಟ್ ಬಂದು ಪಕ್ಕದ ಫ್ಲ್ಯಾಟಿನವರು ಗೋಡೆ ಬಡಿಯುತ್ತಾರೆ. 5.1 ಧ್ವನಿಯಲ್ಲಿ ಸಂಭಾಷಣೆ ನಡುವಿನ ಸ್ಪೀಕರಿಗೆಂದು ಬೇರೆ ಹಾದಿಯಲ್ಲಿರುತ್ತದೆ, ಲ್ಯಾಪ್‌ಟಾಪಿನ ಎರಡು ಸ್ಪೀಕರಿಗೆ ಎಲ್ಲವನ್ನೂ ಕಲಸಿದಾಗ ಅದು ಹಿಂದೆ ಬೀಳುತ್ತದೆ. ಕಂಟ್ರೋಲ್ ಮತ್ತು ಇ ಒತ್ತಿ, ಆಡಿಯೊ ಎಫೆಕ್ಟ್ಸ್‌ನಲ್ಲಿ ಕಂಪ್ರೆಸರ್ ಆನ್ ಮಾಡಿ. ಜೋರಿನದನ್ನು ತಗ್ಗಿಸಿ ಮೆಲುದನಿಯನ್ನು ಎತ್ತುವುದು ಅದರ ಕೆಲಸ. ಸಂಗೀತ ಕೇಳುವಾಗ ಮರೆಯದೆ ಆಫ್ ಮಾಡಿ, ಇಲ್ಲದಿದ್ದರೆ ಕಚೇರಿಯ ಏರಿಳಿತವೆಲ್ಲ ಸಪಾಟಾಗುತ್ತದೆ.

ಸಂಗೀತ ಕಲಿಯುವವರಿಗೆ ಇದರಲ್ಲೊಂದು ಒಳ್ಳೆಯ ಸೌಲಭ್ಯವಿದೆ, ಬಳಸುವವರು ಕಡಿಮೆ. ಮಲ್ಲೇಶ್ವರದಲ್ಲೋ ಜಯನಗರದಲ್ಲೋ ಪಾಠಕ್ಕೆ ಹೋಗುವ ಹುಡುಗಿಗೆ ಮೇಷ್ಟ್ರು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಲು ಬಿಟ್ಟಿದ್ದಾರೆ ಅಂದುಕೊಳ್ಳಿ. ಕೃತಿಯ ಒಂದೇ ಸಾಲನ್ನು ಬೆಳೆಸಿ ಹಾಡುವ ಸಂಗತಿಗಳಲ್ಲಿ ಮೂರನೆಯದು ಕೈಗೆ ಸಿಗುತ್ತಿಲ್ಲ. ವ್ಯೂ ಮೆನುವಿನಲ್ಲಿ ಅಡ್ವಾನ್ಸ್‌ಡ್ ಕಂಟ್ರೋಲ್ಸ್ ಆನ್ ಮಾಡಿದರೆ ಕೆಳಗೆ ಎ-ಬಿ ಗುಂಡಿ ಬರುತ್ತದೆ. ಸಂಗತಿ ಶುರುವಾಗುವಲ್ಲಿ ಒಮ್ಮೆ, ಮುಗಿಯುವಲ್ಲಿ ಒಮ್ಮೆ ಒತ್ತಿದರೆ ಅಷ್ಟು ಭಾಗ ಮಾತ್ರ ಸುತ್ತುತ್ತಲೇ ಇರುತ್ತದೆ. ಚೌಕ ಆವರಣದ [ ಕೀಲಿ ಒತ್ತಿದಂತೆ ವೇಗ ಹತ್ತನೇ ಒಂದರಂತೆ ಇಳಿಯುತ್ತದೆ, ] ಒತ್ತಿದರೆ ಏರುತ್ತದೆ, = ಒತ್ತಿದರೆ ಮಾಮೂಲಿ ವೇಗ. ಹಳೆಯ ಟೇಪ್ ರೆಕಾರ್ಡರಿನಲ್ಲಿ ನಿಧಾನ ಮಾಡಿದರೆ ಶ್ರುತಿಯೂ ಇಳಿದು ಗಾಯಕಿಯ ದನಿ ಗಂಡು ದನಿಯಾಗುತ್ತಿತ್ತು. ಇಲ್ಲಿ ಶ್ರುತಿ ಇದ್ದಲ್ಲೇ ಇರುತ್ತದೆ, ತಂಬೂರಿ ಹಾಕಿಕೊಂಡೇ ಅಭ್ಯಾಸ ಮಾಡಬಹುದು.

ವಿಎಲ್‌ಸಿ ಕೈಯಲ್ಲಾಗದ್ದು

ಏನೇನೋ ಬದಲಿಸಿ ದಾರಿ ತಪ್ಪಿದರೆ ಪ್ರಿಫರೆನ್ಸಸ್ ಕೆಳಗಿರುವ ರಿಸೆಟ್ ಗುಂಡಿ ಒತ್ತಿ, ಎಲ್ಲವೂ ಮೊದಲಿನಂತಾಗುತ್ತದೆ. ಒಟಿಟಿ ಆ್ಯಪ್‌ಗಳಲ್ಲಿ ಇಳಿಸಿಟ್ಟ ಸಿನಿಮಾ ಇದರಲ್ಲಿ ಓಡುವುದಿಲ್ಲ. ಅವಕ್ಕೆ ಬೀಗ ಹಾಕಿರುತ್ತಾರೆ. ಟಿವಿಗೆಂದು ಎಚ್‌ಇವಿಸಿಯನ್ನು ಎಚ್.264ಕ್ಕೆ ಬದಲಿಸಲು ಕಂಟ್ರೋಲ್ ಮತ್ತು ಆರ್ ಒತ್ತಿದರೆ ಪರಿವರ್ತನೆಯ ಪುಟ ಬರುತ್ತದೆ. ಕೆಲಸ ನಡೆಯುತ್ತದೆ, ಆದರೆ ಆ ಪುಟ ಗೊಂದಲದ ಗೂಡು. ಹತ್ತಾರು ಫೈಲುಗಳಿದ್ದರೆ ಹ್ಯಾಂಡ್‌ಬ್ರೇಕ್ ಎಂಬ ಇನ್ನೊಂದು ಉಚಿತ ಪ್ರೋಗ್ರಾಂ ಮೇಲು.

ಎಲ್ಲಕ್ಕಿಂತ ಸಂಕಟದ ಪ್ರಸಂಗ, ರೆಕಾರ್ಡ್ ಮಾಡುತ್ತಿರುವಾಗಲೇ ಫೋನಿನ ಬ್ಯಾಟರಿ ಸತ್ತು ಅರ್ಧಕ್ಕೆ ನಿಂತ ವಿಡಿಯೊ. ಫೈಲು ಒಂದೆರಡು ಜಿಬಿ ಇರುತ್ತದೆ, ಒತ್ತಿದರೆ ಏನೂ ಬರುವುದಿಲ್ಲ. ಎಂಪಿ4ರಲ್ಲಿ ಯಾವ ಫ್ರೇಮ್ ಎಲ್ಲಿದೆ ಎಂಬ ಸೂಚಿಯನ್ನು ಫೋನ್ ಸಾಮಾನ್ಯವಾಗಿ ರೆಕಾರ್ಡಿಂಗ್ ಮುಗಿದ ಮೇಲೆ ಬರೆಯುತ್ತದೆ. ಅದು ಬರೆಯುವ ಮೊದಲೇ ಫೋನ್ ಆರಿಹೋದರೆ ದೃಶ್ಯವೆಲ್ಲ ಒಳಗಿದ್ದರೂ ಪ್ಲೇಯರಿಗೆ ಓದುವ ದಾರಿಯೇ ಇಲ್ಲ. ಎವಿಐ ಫೈಲಿನ ಕೆಟ್ಟ ಸೂಚಿಯನ್ನು ವಿಎಲ್‌ಸಿ ತಾನೇ ಸರಿಪಡಿಸಿಕೊಳ್ಳಬಲ್ಲದು, ಎಂಪಿ4ರದ್ದನ್ನು ಮಾಡಲಾರದು. ಅದಕ್ಕೆ ಅನ್‌ಟ್ರಂಕ್ ಎಂಬ ಉಚಿತ ಸಾಧನವಿದೆ. ಅದೇ ಫೋನಿನಲ್ಲಿ, ಅದೇ ಸೆಟ್ಟಿಂಗಿನಲ್ಲಿ ತೆಗೆದ ಸರಿಯಾದ ಇನ್ನೊಂದು ವಿಡಿಯೊವನ್ನು ಮಾದರಿಯಾಗಿ ಕೊಟ್ಟರೆ ಅದನ್ನು ನೋಡಿಕೊಂಡು ಮುರಿದ ಫೈಲಿಗೆ ಸೂಚಿ ಕಟ್ಟಲು ಪ್ರಯತ್ನಿಸುತ್ತದೆ. ಆದ್ದರಿಂದ ಕೆಟ್ಟ ಫೈಲನ್ನು ಅಳಿಸಬೇಡಿ, ಫೋನನ್ನು ಫಾರ್ಮ್ಯಾಟ್ ಮಾಡಲೂ ಬೇಡಿ. ಮೊದಲು ಅದೇ ಫೋನಿನಲ್ಲಿ ಅರ್ಧ ನಿಮಿಷ ಏನಾದರೂ ರೆಕಾರ್ಡ್ ಮಾಡಿ, ಎರಡೂ ಫೈಲುಗಳನ್ನು ಕಂಪ್ಯೂಟರಿಗೆ ನಕಲು ಮಾಡಿಟ್ಟುಕೊಳ್ಳಿ.